ಗಾಡಿ ನೋಡುವ ದಿನ ಬೇರೆ, ದುಡ್ಡು ಕೊಡುವ ದಿನ ಬೇರೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದಲ್ಲಿ ಕಾರು ಕೊಳ್ಳಲು ಹೊರಟವರು ಮಾಡಬೇಕಾದ್ದು, ಮಾಡಬಾರದ್ದು

ಷೋರೂಮಿಗೆ ಮೊದಲ ಸಲ ಹೋದ ದಿನ ಒಂದು ರೂಪಾಯಿ ಕೊಡಬಾರದು, ಒಂದು ಕಾಗದಕ್ಕೂ ಸಹಿ ಹಾಕಬಾರದು. ಮುಂದೆ ಬರೆದಿರುವುದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ. ಟೋಕನ್ ಅಂತ ಐದು ಸಾವಿರ ಬೇಡ, ‘ಸುಮ್ನೆ ನಂಬಿಕಿಗೆ’ ಅಂತ ಸಾವಿರದೊಂದು ಬೇಡ, ಆಧಾರ್ ಜೆರಾಕ್ಸಿನ ಮೂಲೆಯಲ್ಲೊಂದು ಸಹಿಯೂ ಬೇಡ. ನೋಡಿ, ಕೂತು ನೋಡಿ, ಓಡಿಸಿ ನೋಡಿ, ಕೊಟೇಶನ್ ಇಸಿದುಕೊಳ್ಳಿ, ಮನೆಗೆ ಬನ್ನಿ. ರಾತ್ರಿ ಮಲಗಿ ಎದ್ದ ಮೇಲೂ ಅದೇ ಗಾಡಿ ಬೇಕು ಅನ್ನಿಸಿದರೆ ಆಗ ಮಾತು.

ನಮ್ಮ ಕಡೆ ಗಾಡಿ ಮಾರುವವರು ಯಾರೂ ಗದರಿಸುವುದಿಲ್ಲ. ಕುರ್ಚಿ ಎಳೆದು ಕೊಡುತ್ತಾರೆ, ಚಾ ತರಿಸುತ್ತಾರೆ, ‘ಯಾವೂರ್ರಿ ಅಣ್ಣಾ?’ ಎಂದು ಕೇಳಿ ನಿಮ್ಮೂರಿನ ಯಾರದೋ ಹೆಸರು ತೆಗೆಯುತ್ತಾರೆ. ಆ ಹುಡುಗನೂ ನಮ್ಮವನೇ, ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದವನು. ಅವನ ತಲೆಯ ಮೇಲೆ ತಿಂಗಳ ಟಾರ್ಗೆಟ್ ಇದೆ. ಅವನನ್ನು ಬೈಯುವುದು ಈ ಸೂಚನೆಯ ಉದ್ದೇಶವಲ್ಲ. ಆದರೆ ಒತ್ತಡ ಯಾವ ಬಾಗಿಲಿಂದ ಬರುತ್ತದೆ ಎಂದು ತಿಳಿದಿರಬೇಕು. ಇಲ್ಲಿ ಅದಕ್ಕೆ ಎರಡೇ ಬಾಗಿಲು: ದಾಕ್ಷಿಣ್ಯ ಮತ್ತು ಮುಹೂರ್ತ.

ದಾಕ್ಷಿಣ್ಯದ ಬಗ್ಗೆ

ಚಾ ಕುಡಿಯಿರಿ. ಎರಡನೇ ಸಲ ಕೊಟ್ಟರೂ ಕುಡಿಯಿರಿ. ಹತ್ತು ರೂಪಾಯಿ ಚಾಕ್ಕೆ ಹತ್ತು ಲಕ್ಷದ ಋಣ ಹುಟ್ಟುವುದಿಲ್ಲ. ‘ಇಷ್ಟೊತ್ತು ತೋರಿಸ್ಯಾನ, ಹೆಂಗ ಬರಿಗೈಲಿ ಬರೋದು?’ ಎಂಬ ಮಾತು ಮನೆಯ ಹಿರಿಯರ ಬಾಯಿಂದ ಬಂದಾಗಲೇ ಅರ್ಧ ವ್ಯಾಪಾರ ಮುಗಿದಿರುತ್ತದೆ. ಬಟ್ಟೆ ಅಂಗಡಿಯಲ್ಲಿ ಐವತ್ತು ಸೀರೆ ಬಿಚ್ಚಿಸಿ ಎದ್ದು ಬರುವ ಧೈರ್ಯ ನಮ್ಮ ಹೆಣ್ಣುಮಕ್ಕಳಿಗೆ ಇದೆ. ಕಾರಿನ ಮುಂದೆ ಗಂಡಸರಿಗೆ ಅದು ಇರುವುದಿಲ್ಲ. ಆದ್ದರಿಂದ ಅಂಥ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು, ಅತ್ತೆಯೋ ಅತ್ತಿಗೆಯೋ, ‘ಬ್ಯಾಡ ಬಿಡ್ರಿ’ ಎನ್ನುವುದಕ್ಕೆ ನಾಚದವರು.

ಮಕ್ಕಳನ್ನು ಮೊದಲ ದಿನ ಕರೆದೊಯ್ಯಬಾರದು. ಕೈಗೆ ಬಲೂನು ಬರುತ್ತದೆ, ‘ಪುಟ್ಟಾ, ನಿಂಗ ಕೆಂಪು ಬೇಕಾ ಬಿಳಿದು ಬೇಕಾ?’ ಎಂಬ ಪ್ರಶ್ನೆ ಬರುತ್ತದೆ. ಬೇಕೋ ಬೇಡವೋ ಎಂಬುದು ಪ್ರಶ್ನೆಯಲ್ಲೇ ಇರುವುದಿಲ್ಲ, ಗಮನಿಸಿ. ದೊಡ್ಡವರಿಗೂ ಇದೇ ಪ್ರಶ್ನೆ ಕೇಳುತ್ತಾರೆ, ಬಣ್ಣದ ಬದಲು ಡೀಸೆಲ್ಲೋ ಪೆಟ್ರೋಲೋ ಎಂದು.

‘ಈ ಕಲರ್ ಒಂದೇ ಪೀಸ್ ಐತ್ರಿ, ಸಂಜಿಗೆ ಇನ್ನೊಬ್ರು ಬರ್ತಾರ್ರಿ’ ಎಂದರೆ, ‘ಅವರಿಗೇ ಕೊಡಪ್ಪಾ, ಪಾಪ’ ಎನ್ನಬೇಕು. ಗಾಡಿ ಕಾರ್ಖಾನೆಯಲ್ಲಿ ತಯಾರಾಗುವ ವಸ್ತು, ಹಂಪಿಯ ಕಲ್ಲಿನ ರಥವಲ್ಲ, ಇನ್ನೊಂದು ಬರುತ್ತದೆ. ‘ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ’ ಎಂದು ಒಳಗೆ ಹೋಗಿ ಹತ್ತು ನಿಮಿಷ ಬಿಟ್ಟು ಬೆವರು ಒರೆಸಿಕೊಳ್ಳುತ್ತ ಬಂದರೆ ಕರಗಬಾರದು. ನಿಮಗಾಗಿ ಜಗಳವಾಡಿ ಮೂರು ಸಾವಿರ ಇಳಿಸಿ ತಂದೆ ಎನ್ನುವ ಹುಡುಗನಿಗೆ ಥ್ಯಾಂಕ್ಸ್ ಹೇಳಿ, ಆ ಮೂರು ಸಾವಿರವನ್ನು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಬೇಕು.

ಮುಹೂರ್ತದ ಬಗ್ಗೆ

ಷೋರೂಮಿನವರ ಗೋಡೆಯ ಮೇಲೆ ಇರುವುದು ನಿಮ್ಮದೇ ಕ್ಯಾಲೆಂಡರ್. ಕಂಪ್ಲಿ ಕಡೆ ಭತ್ತದ ಕೊಯ್ಲು ಯಾವಾಗ, ತೋರಣಗಲ್ಲಿನ ಕಾರ್ಖಾನೆಯವರಿಗೆ ದೀಪಾವಳಿಯ ಬೋನಸ್ ಯಾವ ವಾರ, ಹಂಪಿಯ ಸೀಸನ್ನು ಅಕ್ಟೋಬರಿಗೆ ಶುರುವಾಗಿ ಎಂದಿಗೆ ಇಳಿಯುತ್ತದೆ, ಎಲ್ಲ ಅವರಿಗೆ ಗೊತ್ತು. ಫೋನು ಬರುವುದು ಆ ವಾರದಲ್ಲೇ. ಆಯುಧಪೂಜೆ, ದೀಪಾವಳಿ ಪಾಡ್ಯ, ಯುಗಾದಿ, ಅಕ್ಷಯ ತದಿಗೆ ಬಂದರೆ ಹೇಳುವುದೇ ಬೇಡ. ‘ಶುಕ್ರವಾರ ಹತ್ತೂವರಿಗೆ ರಾಹುಕಾಲ ಹತ್ತತೈತ್ರಿ, ಅಷ್ಟರೊಳಗ ಟೋಕನ್ ಹಾಕಿಬಿಡ್ರಿ’ ಎಂದು ಪಂಚಾಂಗ ಹೇಳುವ ಸೇಲ್ಸ್ ಹುಡುಗರನ್ನು ನಾನೇ ನೋಡಿದ್ದೇನೆ. ಪಂಚಾಂಗ ನೋಡಬೇಡಿ ಎನ್ನುತ್ತಿಲ್ಲ. ಪಂಚಾಂಗವನ್ನು ಮನೆಯಲ್ಲಿ ನೋಡಿ, ನಿಮ್ಮ ಪುರೋಹಿತರ ಹತ್ತಿರ ಕೇಳಿ. ಗಾಡಿ ಮಾರುವವನಿಂದ ಮುಹೂರ್ತ ಕೇಳಬಾರದು.

ಆಷಾಢದಲ್ಲಿ ಹೋಗಿ ಬೆಲೆ ಮಾತಾಡಿ, ಶ್ರಾವಣದಲ್ಲಿ ಗಾಡಿ ತನ್ನಿ. ನಮ್ಮವರು ಆಷಾಢದಲ್ಲಿ ಹೊಸದು ಕೊಳ್ಳುವುದಿಲ್ಲವಾದ್ದರಿಂದ ಆ ತಿಂಗಳು ಷೋರೂಮಿನಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸುತ್ತದೆ. ಮಾತಿಗೆ ಅದೇ ಒಳ್ಳೆಯ ಹೊತ್ತು. ಆದರೆ ಆಷಾಢದ ಬೆಲೆಯೇ ಶ್ರಾವಣದ ಡೆಲಿವರಿಗೂ ಅನ್ವಯ ಎಂದು ಷೋರೂಮಿನ ಸೀಲಿನೊಂದಿಗೆ ಬರೆಸಿಕೊಳ್ಳಬೇಕು.

ಡಿಸೆಂಬರಿನ ಕೊನೆಯಲ್ಲಿ ‘ಇವತ್ತೇ ತಗೊಂಡ್ರೆ ಐವತ್ತು ಸಾವಿರ ಆಫರ್’ ಎನ್ನುವುದಕ್ಕೆ ಕಾರಣವಿದೆ. ಜನವರಿ ಬಂದರೆ ಆ ಗಾಡಿಗೆ ಒಂದು ವರ್ಷ ವಯಸ್ಸಾಯಿತು. ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಮುಂದೆ ನೀವು ಮಾರುವಾಗ ಕೊಳ್ಳುವವನು ಅದನ್ನೇ ನೋಡುತ್ತಾನೆ. ಹತ್ತು ವರ್ಷ ಇಟ್ಟುಕೊಳ್ಳುವವರು ಆ ಆಫರ್ ತೆಗೆದುಕೊಳ್ಳಬಹುದು, ಮೂರು ವರ್ಷಕ್ಕೆ ಬದಲಿಸುವವರು ತೆಗೆದುಕೊಳ್ಳಬಾರದು.

ಮನೆ ಬಿಡುವ ಮೊದಲು

ಒಂದು ಹಾಳೆಯಲ್ಲಿ ಮೂರು ಸಂಖ್ಯೆ ಬರೆಯಿರಿ: ಎಲ್ಲ ಸೇರಿ ಗಾಡಿಗೆ ಕೊಡಬಹುದಾದ ಮೊತ್ತ, ಕೈಯಿಂದ ಹಾಕುವ ದುಡ್ಡು, ತಿಂಗಳ ಕಂತು. ಮೂರನೆಯ ಸಂಖ್ಯೆಯನ್ನು ಷೋರೂಮಿನಲ್ಲಿ ಯಾರಿಗೂ ಹೇಳಬಾರದು. ಹೇಳಿದ ಮರುಕ್ಷಣವೇ ಗಾಡಿಯ ಬೆಲೆಯ ಮಾತು ನಿಂತು, ನಿಮ್ಮ ಕಂತಿಗೆ ಹೊಂದುವಂತೆ ಸಾಲದ ವರ್ಷ ಹಿಗ್ಗಿಸುವ ಮಾತು ಶುರುವಾಗುತ್ತದೆ.

ಕಾಲುವೆ ನೀರು ನಂಬಿದವರು ಕಂತನ್ನು ಎರಡು ಬೆಳೆಯ ಮೇಲೆ ಲೆಕ್ಕ ಹಾಕಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಆಮೇಲೆ 33 ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ 2025–26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಕಾಲುವೆಗೆ ನೀರು ಬರದಿದ್ದರೂ ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ. ಒಂದೇ ಬೆಳೆಯ ಆದಾಯದಲ್ಲಿ ಹನ್ನೆರಡು ಕಂತು ತೀರುವುದಾದರೆ ಮಾತ್ರ ಮುಂದುವರಿಯಿರಿ. ಬೆಳೆಗೊಮ್ಮೆ ಕಟ್ಟುವ ಅನುಕೂಲ ಇದೆಯೇ ಎಂದು ನಿಮ್ಮ ಬ್ಯಾಂಕಿನ ಶಾಖೆಯಲ್ಲೇ ಕೇಳಬೇಕು, ಷೋರೂಮಿನಲ್ಲಿ ಮೇಜು ಹಾಕಿಕೊಂಡು ಕೂತ ಫೈನಾನ್ಸಿನವನನ್ನಲ್ಲ.

ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಈ ರಸ್ತೆಗಳ ಮೇಲೆ ಎಂತೆಂಥ ಗಾಡಿ ಓಡಿದವು, 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಷ್ಟು ಲಾರಿ ಬಯಲಲ್ಲಿ ನಿಂತು ತುಕ್ಕು ಹಿಡಿದವು, ಅದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಲೋನ್ ಕೊಟ್ಟವರು ಅದಿರಿನ ಬೆಲೆ ನೋಡಿ ಕೊಟ್ಟಿದ್ದರು. ಕಂತು ಕಟ್ಟಬೇಕಾದವರಿಗೆ ಲೋಡೇ ಇರಲಿಲ್ಲ.

ಹೋಗುವ ಮೊದಲು ಕನಿಷ್ಠ ಮೂರು ಕಡೆ ಬೆಲೆ ತಿಳಿಯಬೇಕು. ಹೊಸಪೇಟೆ ಒಂದೇ ಅಲ್ಲ. ಬಳ್ಳಾರಿ, ಕೊಪ್ಪಳ, ಗಂಗಾವತಿ ಹತ್ತಿರವಿವೆ, ಹುಬ್ಬಳ್ಳಿಗೂ ಒಂದು ಫೋನ್ ಮಾಡಬಹುದು. ಅದೇ ಕಂಪನಿ, ಅದೇ ಮಾಡೆಲ್, ಅದೇ ಬಣ್ಣ.

ಕೊಟೇಶನ್ ಕಾಗದ

ಬೆಲೆ ಬಾಯಲ್ಲಿ ಕೇಳಬಾರದು. ವಿಸಿಟಿಂಗ್ ಕಾರ್ಡಿನ ಹಿಂದೆ ಗೀಚಿ ಕೊಟ್ಟದ್ದನ್ನು ಕೊಟೇಶನ್ ಎನ್ನಬಾರದು. ಕಂಪ್ಲಿಯ ನನ್ನ ಭಾವ ದೀಪಾವಳಿಯ ಹಿಂದಿನ ದಿನ ಹೀಗೇ ಮಾಡಿದರು. ‘ಎಕ್ಸ್‌ಚೇಂಜ್ ಬೋನಸ್ 40’ ಎಂದು ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದಿತ್ತು. ಡೆಲಿವರಿಯ ದಿನ ಹಾರ ತಂದು, ತೆಂಗಿನಕಾಯಿ ಒಡೆಯುವ ಹೊತ್ತಿಗೆ, ಆ ಆಫರ್ ತಿಂಗಳ ಕೊನೆಗೆ ಮುಗಿಯಿತು ಎಂದರು. ಮನೆ ಮಂದಿಯೆಲ್ಲ ಸೀರೆ ಉಟ್ಟು ನಿಂತಿದ್ದಾರೆ. ನಲವತ್ತು ಸಾವಿರಕ್ಕೆ ಜಗಳ ತೆಗೆಯುವುದು ಹೇಗೆ? ತೆಗೆಯಲಿಲ್ಲ. ಆ ಕಾರ್ಡು ಇನ್ನೂ ಅವರ ಪರ್ಸಿನಲ್ಲಿದೆ.

ಸೀಲು, ಸಹಿ, ತಾರೀಖು ಇರುವ ಕೊಟೇಶನ್ನಿನಲ್ಲಿ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ. ಎಕ್ಸ್ ಷೋರೂಂ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಅದನ್ನು ಮತ್ತೆ ಬೇರೆ ಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ. ಸಣ್ಣದು ಎಂದರೆ ನಾಲ್ಕು ಮೀಟರ್ ಮೀರದ ಉದ್ದ, ಪೆಟ್ರೋಲಿಗೆ 1200, ಡೀಸೆಲಿಗೆ 1500 ಸಿಸಿಯ ಒಳಗೆ. ಅದಕ್ಕಿಂತ ದೊಡ್ಡದಕ್ಕೆ 40.

ಮುಂದಿನದು ಜೀವಾವಧಿ ತೆರಿಗೆ, ನಮ್ಮ ಬಾಯಲ್ಲಿ ಲೈಫ್ ಟ್ಯಾಕ್ಸ್. ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಬೆಲೆ 5 ಲಕ್ಷದವರೆಗೆ ಇದ್ದರೆ 13 ಶೇಕಡಾ, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದರ ಮೇಲೆ 18. ಇದರ ಮೇಲೆ ಸೆಸ್. ಈ ಮೆಟ್ಟಿಲಿನ ಲೆಕ್ಕ ಗೊತ್ತಿಲ್ಲದವರೇ ‘ಹದಿನೈದು ಸಾವಿರ ಜಾಸ್ತಿ ಅಷ್ಟ ಸಾರ್, ಟಾಪ್ ಮಾಡೆಲ್ ಬರ್ತೈತಿ’ ಎಂಬ ಮಾತಿಗೆ ಬೀಳುವುದು. 9 ಲಕ್ಷ 95 ಸಾವಿರದ ಗಾಡಿಗೆ 14ರ ಲೆಕ್ಕದಲ್ಲಿ ತೆರಿಗೆ 1,39,300. ಹದಿನೈದು ಸಾವಿರ ಸೇರಿಸಿ 10 ಲಕ್ಷ 10 ಸಾವಿರದ್ದು ತೆಗೆದುಕೊಂಡರೆ 17ರ ಲೆಕ್ಕದಲ್ಲಿ 1,71,700. ಅಲ್ಲಿಗೆ ಹದಿನೈದು ಸಾವಿರ ಎಂದದ್ದು ಸೆಸ್ ಬಿಟ್ಟೇ 47,400 ಆಯಿತು. ಸಾಲದ್ದಕ್ಕೆ 10 ಲಕ್ಷ ದಾಟಿದ ಗಾಡಿಯ ಇಡೀ ಬೆಲೆಗೆ 1 ಶೇಕಡಾ ಟಿಸಿಎಸ್ ಹಿಡಿಯುತ್ತಾರೆ. ಅದು ಆದಾಯ ತೆರಿಗೆಯ ರಿಟರ್ನಿನಲ್ಲಿ ವಾಪಸ್ ಕೇಳಬಹುದಾದ ದುಡ್ಡು, ಷೋರೂಮಿನದಲ್ಲ. ಆದರೆ ಪ್ಯಾನ್ ಕೊಟ್ಟು ರಸೀದಿ ಇಟ್ಟುಕೊಂಡವರಿಗೆ ಮಾತ್ರ.

ರಿಜಿಸ್ಟ್ರೇಷನ್ ಅಂತ ಹತ್ತು ಹದಿನೈದು ಸಾವಿರ ಬರೆದಿದ್ದರೆ ಬಿಡಿಸಿ ಹೇಳಲು ಕೇಳಿ. ಸ್ವಂತದ ಕಾರಿಗೆ ನೋಂದಣಿ ಶುಲ್ಕ 600 ರೂಪಾಯಿ, ಸಾಲದ ಗಾಡಿಯಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಏರಿಸಲು 1,500, ಸ್ಮಾರ್ಟ್ ಕಾರ್ಡಿಗೆ 200. ಹೊಸ ಗಾಡಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು 2019ರ ಏಪ್ರಿಲಿನಿಂದ ಕಂಪನಿಯಿಂದಲೇ ಬರಬೇಕು. ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’, ‘ಫೆಸಿಲಿಟೇಷನ್’ ಎಂಬ ಸಾಲುಗಳು ಸರ್ಕಾರದ ಶುಲ್ಕಗಳಲ್ಲ. ಕೊಡಬಾರದು. ‘ಎಲ್ಲಾರೂ ಕೊಡ್ತಾರ್ರಿ’ ಎಂದರೂ ಕೊಡಬಾರದು.

ನಗದಿನ ಮಾತು. ಭತ್ತ ಮಾರಿದ ದುಡ್ಡು ಚೀಲದಲ್ಲಿ ತಂದು ಮೇಜಿನ ಮೇಲೆ ಸುರಿಯುವ ಕಾಲ ಹೋಯಿತು. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ 2017ರ ಏಪ್ರಿಲಿನಿಂದ ನಿಷೇಧಿಸಿದೆ. ತುಂಡು ತುಂಡಾಗಿ ಕೊಡಿ ಎಂದು ಯಾರಾದರೂ ದಾರಿ ಹೇಳಿಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಸೇಲ್ಸ್ ಹುಡುಗನ ಸ್ವಂತ ಫೋನ್‌ಪೇ ನಂಬರಿಗೆ ಐನೂರು ರೂಪಾಯಿಯನ್ನೂ ಕಳಿಸಬಾರದು. ಬುಕಿಂಗ್ ದುಡ್ಡು ಕೊಡುವಾಗ, ಬೇಡವೆಂದರೆ ಎಷ್ಟು ದಿನದಲ್ಲಿ ಎಷ್ಟು ವಾಪಸ್ ಎಂಬುದು ರಸೀದಿಯ ಮೇಲೇ ಇರಬೇಕು.

ಸಾಲದ ಮೇಜು

ಗಾಡಿಯ ಬೆಲೆಯಲ್ಲಿ ಎರಡು ಸಾವಿರಕ್ಕೆ ಅರ್ಧ ಗಂಟೆ ಚೌಕಾಸಿ ಮಾಡಿದವರು ಇಲ್ಲಿ ಒಂದು ನಿಮಿಷದಲ್ಲಿ ತೊಂಬತ್ತು ಸಾವಿರ ಕಳೆದುಕೊಳ್ಳುತ್ತಾರೆ. ಲೆಕ್ಕ ಕೇಳಿ. 6 ಲಕ್ಷ ಸಾಲ, ಐದು ವರ್ಷ. ಒಬ್ಬರು ‘ಫ್ಲಾಟ್ 8 ಪರ್ಸೆಂಟ್’ ಎನ್ನುತ್ತಾರೆ, ಬ್ಯಾಂಕಿನವರು 9 ಎನ್ನುತ್ತಾರೆ. ಎಂಟು ಕಡಿಮೆ ಅನ್ನಿಸುತ್ತದೆ. ಫ್ಲಾಟ್ ಎಂದರೆ ನೀವು ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ. ವರ್ಷಕ್ಕೆ 48 ಸಾವಿರದಂತೆ ಐದು ವರ್ಷಕ್ಕೆ 2 ಲಕ್ಷ 40 ಸಾವಿರ; ಕಂತು 14,000. ಬ್ಯಾಂಕಿನ ಒಂಬತ್ತು ಉಳಿದ ಅಸಲಿಗೆ ಮಾತ್ರ: ಕಂತು ಸುಮಾರು 12,455, ಒಟ್ಟು ಬಡ್ಡಿ ಸುಮಾರು 1 ಲಕ್ಷ 47 ಸಾವಿರ. ಆ ಫ್ಲಾಟ್ ಎಂಟನ್ನು ಬ್ಯಾಂಕಿನ ಭಾಷೆಗೆ ತಿರುಗಿಸಿದರೆ 14 ಶೇಕಡಾ ದಾಟುತ್ತದೆ.

‘ಕಂತು ಜಾಸ್ತಿ ಆತಾ? ಏಳು ವರ್ಷ ಮಾಡೋಣು ಬಿಡ್ರಿ’ ಎನ್ನುವುದು ಎರಡನೇ ಪಟ್ಟು. ಅದೇ 6 ಲಕ್ಷ, ಅದೇ 9 ಶೇಕಡಾ, ಏಳು ವರ್ಷವಾದರೆ ಕಂತು 9,653ಕ್ಕೆ ಇಳಿಯುತ್ತದೆ, ಬಡ್ಡಿ 2 ಲಕ್ಷ 10 ಸಾವಿರ ಮೀರುತ್ತದೆ. ಐದು ವರ್ಷದಲ್ಲಿ ತೀರಿಸಲಾಗದ ಗಾಡಿ ನಿಮ್ಮ ಗಾಡಿಯಲ್ಲ, ಚಿಕ್ಕದು ನೋಡಿ.

ಮಾಡಬೇಕಾದ್ದು: ‘ಕೆಎಫ್‌ಎಸ್ ಕೊಡಿ’ ಎಂದು ಕೇಳುವುದು. 2024ರ ಅಕ್ಟೋಬರ್ 1ರಿಂದ ಬ್ಯಾಂಕೂ ಫೈನಾನ್ಸ್ ಕಂಪನಿಯೂ ಸಾಲದ ಮುಖ್ಯಾಂಶಗಳ ಈ ಹಾಳೆಯನ್ನು ಸಹಿಗೆ ಮೊದಲು ಕೊಡಲೇಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ‘ಎಪಿಆರ್’ ಎಂಬ ಸಾಲು ನೋಡಿ. ಪ್ರೊಸೆಸಿಂಗ್ ಫೀಯೂ ಸೇರಿ ವರ್ಷಕ್ಕೆ ನಿಜವಾಗಿ ಬೀಳುವ ದರ ಅದು. ಎರಡು ಕಡೆಯ ಹಾಳೆ ಪಕ್ಕಪಕ್ಕ ಇಟ್ಟರೆ ಮಾತೇ ಬೇಕಾಗಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ಎಷ್ಟು ದಂಡ, ಅದನ್ನೂ ನೋಡಿ. ನಿಮಗೆ ತಿಳಿಯದ ಹಾಗೆ ಲೋನಿನೊಳಗೆ ಜೀವ ವಿಮೆ ತುರುಕಿದ್ದಾರೆಯೇ ಎಂಬುದೂ ಅಲ್ಲೇ ಕಾಣುತ್ತದೆ.

ಮಾಡಬಾರದ್ದು: ಖಾಲಿ ಫಾರ್ಮಿಗೆ ಸಹಿ, ಖಾಲಿ ಚೆಕ್ಕಿಗೆ ಸಹಿ. ‘ಆಮ್ಯಾಲ ನಾವ ತುಂಬ್ತೀವಿ’ ಎಂದರೆ ಅಲ್ಲಿಯೇ ಕೂತು ತುಂಬಿಸಿ. ಅರ್ಧ ಗಂಟೆ ಹೋದರೆ ಹೋಗಲಿ.

ಇನ್ಶೂರೆನ್ಸ್

ಗಾಡಿಯ ಜೊತೆ ಷೋರೂಮಿನ ವಿಮೆಯನ್ನೇ ತೆಗೆದುಕೊಳ್ಳಬೇಕು ಎಂಬ ಕಾನೂನಿಲ್ಲ. ಯಾವ ಕಂಪನಿಯದು, ಯಾರ ಮೂಲಕ ಎಂಬ ಆಯ್ಕೆ ನಿಮ್ಮದು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್ 1ರಿಂದ ಕಡ್ಡಾಯ; ಅದರ ದರ ಸರ್ಕಾರ ನಿಗದಿ ಮಾಡಿದ್ದು, ಎಲ್ಲ ಕಡೆ ಒಂದೇ. ವ್ಯತ್ಯಾಸ ಇರುವುದು ನಿಮ್ಮ ಗಾಡಿಯ ಸ್ವಂತ ಹಾನಿಯ ಭಾಗದಲ್ಲಿ. ಬೇರೆ ಕಡೆಯ ಕೊಟೇಶನ್ ಕೈಯಲ್ಲಿ ಹಿಡಿದು ಹೋಗಿ ನೋಡಿ, ಷೋರೂಮಿನ ಪ್ರೀಮಿಯಂ ಅಲ್ಲೇ ಇಳಿಯತೊಡಗುತ್ತದೆ.

ಹೋಲಿಸುವಾಗ ಐಡಿವಿ, ಅಂದರೆ ಗಾಡಿ ಕಳುವಾದರೆ ವಿಮಾ ಕಂಪನಿ ಕೊಡುವ ಗರಿಷ್ಠ ಮೊತ್ತ, ಒಂದೇ ಇರಬೇಕು. ಅದನ್ನು ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಹಳೆಯ ಉಪಾಯ. ಗಾಡಿ ಕಳುವಾದ ದಿನ ತಿಳಿಯುತ್ತದೆ. ‘ಹೊರಗಿನ ಇನ್ಶೂರೆನ್ಸ್ ಆದ್ರ ನಮ್ಮಲ್ಲಿ ಕ್ಯಾಶ್‌ಲೆಸ್ ಇಲ್ಲ’ ಎಂದರೆ ಹೆದರಬಾರದು. ಕ್ಯಾಶ್‌ಲೆಸ್ ನಿಂತಿರುವುದು ಆ ವಿಮಾ ಕಂಪನಿಗೂ ಗ್ಯಾರೇಜಿಗೂ ಇರುವ ಒಪ್ಪಂದದ ಮೇಲೆ, ಪಾಲಿಸಿ ಯಾರ ಕೈಯಿಂದ ಬಂತು ಎಂಬುದರ ಮೇಲಲ್ಲ. ಹಳೆಯ ಕಾರಿನಲ್ಲಿ ಕ್ಲೇಮು ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ನಿಮ್ಮದು, ಆ ಕಾರಿನದಲ್ಲ. ಹಳೆಯದನ್ನು ಮಾರಿ ಅದರ ಪತ್ರ ತಂದರೆ ಹೊಸ ಗಾಡಿಯ ಸ್ವಂತ ಹಾನಿ ಪ್ರೀಮಿಯಮ್ಮಿನಲ್ಲಿ 50 ಶೇಕಡಾದವರೆಗೂ ಕಡಿತ. ಇದನ್ನು ಷೋರೂಮಿನಲ್ಲಿ ಯಾರೂ ತಾವಾಗಿ ನೆನಪಿಸುವುದಿಲ್ಲ. ಹಾಗೆಯೇ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ನಿಮಗೆ ಮೊದಲೇ ಇದ್ದರೆ ಮತ್ತೊಂದು ಬೇಕಿಲ್ಲ.

ನೀರು ನುಗ್ಗಿ ಇಂಜಿನ್ ಕೆಟ್ಟರೆ ಕೈಹಿಡಿಯುವ ಇಂಜಿನ್ ಪ್ರೊಟೆಕ್ಟ್ ಬೇಕೇ ಎಂದು ಕಂಪ್ಲಿಯವರು ಕೇಳುತ್ತಾರೆ. ಬೇಕಾದರೆ ತೆಗೆದುಕೊಳ್ಳಿ. ಆದರೆ ಡ್ಯಾಮಿನಿಂದ ನೀರು ಬಿಟ್ಟು ಸೇತುವೆ ಮುಳುಗಿದಾಗ ಗಂಗಾವತಿಗೆ ಹೋಗಿಯೇ ತೀರುತ್ತೇನೆ ಎನ್ನುವವರಿಗೆ ಯಾವ ಪಾಲಿಸಿಯೂ ಸಾಲದು.

ಕೆಂಪು ಧೂಳು ತೋರಿಸಿ ಮಾರುವ ವಸ್ತುಗಳು

‘ಸಂಡೂರಿನವರಾ? ಹಂಗಾರ ಅಂಡರ್‌ಬಾಡಿ ಕೋಟಿಂಗ್ ಬೇಕ ಬೇಕು.’ ಬೇಕೋ ಬೇಡವೋ ಎಂಬುದನ್ನು ಮೂರು ತಿಂಗಳು ಓಡಿಸಿ ನೋಡಿ, ಹೊರಗಿನ ಬೆಲೆಯನ್ನೂ ಕೇಳಿ ತೀರ್ಮಾನಿಸಬಹುದು. ಟೆಫ್ಲಾನ್, ಸೆರಾಮಿಕ್, ಫ್ಲೋರ್ ಮ್ಯಾಟ್, ಸೀಟ್ ಕವರ್ ಸೇರಿದ ಪ್ಯಾಕೇಜು ಹಾಕಿಸಿಕೊಂಡರೆ ಮಾತ್ರ ಗಾಡಿ ಬೇಗ ಸಿಗುತ್ತದೆ ಎಂದರೆ ಅದನ್ನೇ ಬರೆದುಕೊಡಿ ಎಂದು ಹೇಳಿ. ಬರೆದುಕೊಡುವುದಿಲ್ಲ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಗಾಡಿಗೆ ಮಾಮೂಲಿ ಸೀಟ್ ಕವರ್ ಹಾಕಿಸಬಾರದು, ಬಿಚ್ಚಿಕೊಳ್ಳಬೇಕಾದ ಹೊತ್ತಿಗೆ ಅದು ಅಡ್ಡಿ. ಬುಲ್ ಗಾರ್ಡು ಬೇಡವೇ ಬೇಡ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಅದನ್ನು ತೆಗೆಸುವಂತೆ ರಾಜ್ಯಗಳಿಗೆ ಬರೆದಿದೆ.

ಹಂಪಿಯಲ್ಲಿ ಟ್ಯಾಕ್ಸಿ ಓಡಿಸಲು ಕೊಳ್ಳುವವರಿಗೆ

ಬಿಳಿ ಬೋರ್ಡಿನಲ್ಲಿ ಬಾಡಿಗೆ ಓಡಿಸಬಹುದು, ಯಾರೂ ಕೇಳುವುದಿಲ್ಲ ಎಂದು ಮಾರುವವನ ಮಾತು ನಂಬಬಾರದು. ಪ್ರವಾಸಿಗರನ್ನು ಕೂರಿಸಿಕೊಂಡಾಗ ಅಪಘಾತವಾದರೆ ಸ್ವಂತ ಬಳಕೆಯ ವಿಮೆಯವರು ಕೈ ಎತ್ತುತ್ತಾರೆ. ಸರ್ಕಾರದ ಅಭಿವೃದ್ಧಿ ನಿಗಮದ ಟ್ಯಾಕ್ಸಿ ಸಬ್ಸಿಡಿ ಬರುತ್ತದೆ ಎಂದು ಮೊದಲೇ ಬುಕ್ ಮಾಡಬಾರದು. ಆಯ್ಕೆಯ ಆದೇಶ ಕೈಗೆ ಬಂದ ಮೇಲೆ ಷೋರೂಮಿನ ಮೆಟ್ಟಿಲು ಹತ್ತಿ.

ಹಳೇ ಗಾಡಿ

ಕನ್ಸಲ್ಟೆನ್ಸಿಯವರ ಅವಸರ ಷೋರೂಮಿನವರಿಗಿಂತ ಹೆಚ್ಚು. ‘ಡಾಕ್ಟರ್ ಓಡಿಸಿದ ಗಾಡಿ, ಮನಿ–ಆಸ್ಪತ್ರಿ ಅಷ್ಟ’ ಎಂದರೆ ಮುಂದಿನ ಸೀಟು ಹಿಂದೆ ಸರಿಸಿ ಅದರ ಹಳಿ ನೋಡಿ. ಬಾಗಿಲಿನ ರಬ್ಬರು ಎಳೆದು ನೋಡಿ, ಎಸಿ ಫಿಲ್ಟರು ತೆಗೆಸಿ. ಗಣಿಯಲ್ಲಿ ಬಾಡಿಗೆಗೆ ಓಡಿದ ಗಾಡಿಯನ್ನು ಎಷ್ಟು ತೊಳೆದರೂ ಆ ಮೂರು ಕಡೆ ಕೆಂಪು ಮಣ್ಣು ಹೋಗುವುದಿಲ್ಲ. ಮೀಟರಿನ ಕಿಲೋಮೀಟರು ನಂಬದೆ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಡಿ ನಂಬರು ಹೇಳಿ ಹಳೆಯ ದಾಖಲೆ ಕೇಳಬೇಕು. ಸಾಲ ಬಾಕಿ ಇದೆಯೇ, ದಂಡ ಬಾಕಿ ಇದೆಯೇ ಎಂಬುದು ಪರಿವಾಹನ್ ಜಾಲತಾಣದಲ್ಲಿ ಕಾಣುತ್ತದೆ. ಫಾರ್ಮ್ 29 ಮತ್ತು 30, ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35, ಇವು ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬಾರದು.

ನಿಮ್ಮ ಹಳೇ ಗಾಡಿಯನ್ನು ಎಕ್ಸ್‌ಚೇಂಜಿಗೆ ಬಿಡುವಾಗಲೂ ಅಷ್ಟೇ ಎಚ್ಚರ. ಅಧಿಕೃತ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಫಾರ್ಮ್ 29ಸಿಯಲ್ಲಿ ದಾಖಲಿಸುವ ನಿಯಮ 2023ರ ಏಪ್ರಿಲಿನಿಂದ ಇದೆ. ಅದಿಲ್ಲದೆ ಕೀಲಿ ಕೊಟ್ಟು ಬಂದರೆ, ಆರು ತಿಂಗಳ ನಂತರ ಎಲ್ಲೋ ಆದ ಅಪಘಾತದ ಸಮನ್ಸು ನಿಮ್ಮ ಮನೆಗೆ ಬರುತ್ತದೆ.

ಡೆಲಿವರಿ

ಗಾಡಿಯನ್ನು ಡೆಲಿವರಿಯ ಹಿಂದಿನ ದಿನ, ಬಿಸಿಲಿನಲ್ಲಿ, ಯಾರ್ಡಿನಲ್ಲೇ ನೋಡಬೇಕು. ಹಬ್ಬದ ದಿನ ಷೋರೂಮಿನ ದೀಪದ ಕೆಳಗೆ, ರೇಷ್ಮೆ ಬಟ್ಟೆ ಹೊದಿಸಿದ ಗಾಡಿಯ ಮೇಲೆ ಗೀರು ಕಾಣುವುದಿಲ್ಲ; ಕಂಡರೂ ಹೇಳುವ ಮನಸ್ಸಿರುವುದಿಲ್ಲ. ಚಾಸಿ ನಂಬರು ಇನ್‌ವಾಯ್ಸಿನದಕ್ಕೆ ಹೊಂದುತ್ತದೆಯೇ, ಮೀಟರು ಎಷ್ಟು ತೋರಿಸುತ್ತದೆ, ನಾಲ್ಕೂ ಟೈರಿನ ಜೊತೆ ಸ್ಟೆಪ್ನಿಯ ತಾರೀಖು ಏನು, ಫಾರ್ಮ್ 21ರಲ್ಲಿ ತಯಾರಿಯ ತಿಂಗಳು ಯಾವುದು. ಇಷ್ಟು ನೋಡಿ, ಫೋಟೋ ತೆಗೆದುಕೊಳ್ಳಿ.

ನಂಬರ್ ಪ್ಲೇಟು ಇಲ್ಲದ ಹೊಸ ಗಾಡಿ ಮನೆಗೆ ತರಬಾರದು. ಡೀಲರೇ ನೋಂದಣಿ ಮಾಡಿಸುವ ಗಾಡಿಗೆ ನಂಬರು ಬೀಳುವವರೆಗೆ ಕೊಡುವಂತಿಲ್ಲ ಎಂದು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ‘ಪೂಜೆ ಮಾಡ್ಕೊಂಡು ಬರ್ರಿ, ಹುಲಿಗೆಮ್ಮನ ಗುಡಿಗೆ ಹೋಗಿ ಬರ್ರಿ, ನಂಬರ್ ಆಮ್ಯಾಲ ಹಾಕ್ತೀವಿ’ ಎಂದರೆ, ನಂಬರ್ ಬಂದ ಮೇಲೇ ಹೋಗುತ್ತೇವೆ ಎನ್ನಿ. ಅಮ್ಮ ಎಲ್ಲಿಗೂ ಹೋಗುವುದಿಲ್ಲ.

ಮೋಸವಾದರೆ

ಷೋರೂಮಿನಲ್ಲಿ ಕೂಗಾಡಬಾರದು. ಮೊದಲು ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ಕಾರು ಕಂಪನಿಗೂ ಹೋಗಲಿ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಸಾಲದ ದೂರಿಗೆ ಮೊದಲು ಬ್ಯಾಂಕು, ಅಲ್ಲಿ ಆಗದಿದ್ದರೆ ರಿಸರ್ವ್ ಬ್ಯಾಂಕಿನ 14448, ವಿಮೆಗೆ 155255. ಅಲ್ಲಿಗೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸಿಸುವ ಕಡೆಯೇ ದೂರು ಹಾಕಬಹುದು, ಹುಬ್ಬಳ್ಳಿಯಲ್ಲಿ ಕೊಂಡ ಗಾಡಿಗೆ ಹುಬ್ಬಳ್ಳಿಗೇ ಓಡಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರು ಇರಲೇಬೇಕೆಂದಿಲ್ಲ, ಬೇಕೆಂದು ಕಂಡರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕೇಳಿ. ಎರಡು ವರ್ಷ ದಾಟಿದರೆ ದೂರು ನಿಲ್ಲುವುದು ಕಷ್ಟ.

ಅದಕ್ಕೆಲ್ಲ ಕಾಗದ ಬೇಕು. ಕೊಟೇಶನ್, ಬುಕಿಂಗ್ ರಸೀದಿ, ಕೆಎಫ್‌ಎಸ್, ಇನ್‌ವಾಯ್ಸು, ಪಾಲಿಸಿ, ವಾಟ್ಸಾಪ್ ಮಾತುಕತೆಯ ಪ್ರಿಂಟು, ಎಲ್ಲ ಒಂದೇ ಚೀಲದಲ್ಲಿ ಹಾಕಿಡಿ. ಗಾಡಿಯ ಡ್ಯಾಶ್‌ಬೋರ್ಡಿನಲ್ಲಲ್ಲ, ಮನೆಯ ಬೀರುವಿನಲ್ಲಿ, ಹೊಲದ ಪಹಣಿ ಇಡುವ ಜಾಗದಲ್ಲಿ.